ಮಕ್ಕೆ ಮ ಒತ್ತು

ಮಳೆಗಾಲದಲ್ಲಿ ಕೆಂಪಾಜಮ್ಮ ಒಣಗಿದ ಸೀರೆ ಉಟ್ಟದ್ದೇ ಇಲ್ಲ. ಇದ್ದದ್ದು ಎರಡು ಸೀರೆ. ಒಂದು ಮೈಮೇಲೆ ನೆನೆಯುತ್ತಿತ್ತು, ಇನ್ನೊಂದು ಹಗ್ಗದ ಮೇಲೆ ನೆನೆಯುತ್ತಿತ್ತು. ಸಂಜೆಯಾದರೆ ಮೈಮೇಲಿನದು ಹಗ್ಗಕ್ಕೆ ಹೋಗುತ್ತಿತ್ತು, ಹಗ್ಗದ್ದು ಮೈಗೆ ಬರುತ್ತಿತ್ತು.

ಅವಳ ಊರು ಕಂಬದಕಡವು. ಮುಳ್ಳೂರು ದಾಟಿ ಕಾವೇರಿ ದಡ ಹಿಡಿದು ಕೆಳಕ್ಕೆ ನಡೆದರೆ ಸಿಗುವ ನಲವತ್ತು ಮನೆ. ಕೊಳ್ಳೇಗಾಲದಿಂದ ಹೊರಟ ಡಾಂಬರು ರಸ್ತೆ ಊರಿಗೆ ಒಂದು ಮೈಲಿ ಇರುವಾಗಲೇ ಸುಸ್ತಾಗಿ ಕೂತುಬಿಟ್ಟಿದೆ. ಹೆಂಗಸರು ಕೂಲಿಗೆ ಹೋಗುವುದು ಆಚೆ ದಡದ ಗದ್ದೆಗಳಿಗೆ. ಬೆಳಿಗ್ಗೆ ತೆಪ್ಪದಲ್ಲಿ ಹೋಗಬೇಕು, ಮಬ್ಬಿಗೆ ತೆಪ್ಪದಲ್ಲೇ ಬರಬೇಕು. ಸೇತುವೆ ಸುತ್ತಿಕೊಂಡು ಬಂದರೆ ಹನ್ನೆರಡು ಮೈಲಿ.

ಹೊಳೆ ದಾಟುವ ಜಾಗದಲ್ಲಿ, ಈಚೆ ದಡದ ಮೇಲೆ, ಮೂರಾಳೆತ್ತರದ ಕಲ್ಲುಕಂಬ. ತುದಿಯಲ್ಲಿ ಕಲ್ಲಿನ ಗೂಡು. ಗೂಡಿನಲ್ಲಿ ದೀಪ ಕಂಡರೆ ತೆಪ್ಪ ಕಡವಿಗೆ ಬರುತ್ತದೆ. ಕಾಣದಿದ್ದರೆ ಕೆಳಗಿನ ಬಂಡೆಸಾಲಿಗೆ ಹೋಗುತ್ತದೆ. ಬಂಡೆಸಾಲಿಗೆ ಹೋದ ತೆಪ್ಪ ತೆಪ್ಪವಾಗಿ ವಾಪಸು ಬಂದಿಲ್ಲ, ಸೌದೆಯಾಗಿ ಬಂದಿದೆ. ಕರೆಂಟಿನ ಬಲ್ಬೂ ಒಂದು ಹಾಕಿದ್ದರು. ಮೋಡ ಕವಿದರೆ ಎಲ್ಲರಿಗಿಂತ ಮೊದಲು ಮನೆಗೆ ಹೋಗುತ್ತಿದ್ದುದು ಆ ಬಲ್ಬೇ.

ಇಪ್ಪತ್ತೆರಡು ವರ್ಷದಿಂದ ಆ ದೀಪ ಹಚ್ಚುತ್ತಿದ್ದವಳು ಕೆಂಪಾಜಮ್ಮ. ಅದಕ್ಕೆ ಮೊದಲು ಅವಳ ಅತ್ತೆ. ಗಾಳಿಮಳೆಯಲ್ಲಿ ಬೆಂಕಿಕಡ್ಡಿ ನಿಲ್ಲುವುದಿಲ್ಲ. ತೆಂಗಿನ ಕರಟದಲ್ಲಿ ಬೆರಣಿಯ ಕೆಂಡ ಇಟ್ಟುಕೊಂಡು, ಮೇಲೆ ಇನ್ನೊಂದು ಕರಟ ಮುಚ್ಚಿ, ಅದನ್ನು ಮಡಿಲಿಗೆ ಕಟ್ಟಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಳು. ನಡುಹೊಳೆಯಿಂದ ತೆಪ್ಪದವರು ‘ದೀಪಾ’ ಎಂದು ಉದ್ದಕ್ಕೆ ಕೂಗುವರು. ಇವಳು ಕಂಬದ ತುದಿಯಿಂದ ‘ಬನ್ನೀ’ ಎನ್ನುವಳು. ಹೊಂಗೆ ಎಣ್ಣೆ, ರಾಗಿ ಮನೆಮನೆಯಿಂದ ಬರುತ್ತಿತ್ತು. ಕಂಬದ ಬುಡದ ಕಲ್ಲುಕೋಣೆ ದೀಪ ಹಚ್ಚುವವರದು ಎಂದು ಊರು ಯಾವ ಕಾಲದಲ್ಲೋ ಕಟ್ಟು ಮಾಡಿತ್ತು. ಅವಳಿಗೆ ಈ ಭೂಮಿಯ ಮೇಲೆ ಇದ್ದದ್ದು ಆ ಕೋಣೆ, ಈ ದೀಪ, ಎರಡು ಹಸಿ ಸೀರೆ.

ಇಂಥ ಕಂಬ ಒಂದು ದಿನ ಸರ್ಕಾರದ ಕಣ್ಣಿಗೆ ಬಿತ್ತು.

ಆದದ್ದು ಇಷ್ಟೆ. ಊರಲ್ಲಿ ಏನೇನು ಹಳೆಯ ಕಟ್ಟಡ ಇವೆ ಎಂದು ಮೇಲಿನವರು ಪಟ್ಟಿ ಕೇಳಿದ್ದರು. ಪಂಚಾಯ್ತಿಯ ಗುಮಾಸ್ತ ‘ದೀಪಸ್ತಂಭ, ಒಂದು’ ಎಂದು ಬರೆದು ಕಳಿಸಿದ. ಆ ಪಟ್ಟಿ ಯಾವುದೋ ಕಂಪ್ಯೂಟರಿನ ಹೊಟ್ಟೆಗೆ ಹೋಗಿ ಇಂಗ್ಲಿಷಾಗಿ ಹೊರಬಿತ್ತು. ಇಂಗ್ಲಿಷಿನಲ್ಲಿ ಅದು ಲೈಟ್‌ಹೌಸ್ ಆಗಿತ್ತು. ಸಮುದ್ರದಲ್ಲಿ ಹಡಗಿಗೆ ದಾರಿ ತೋರಿಸುತ್ತದಲ್ಲ, ಅದು. ಆರು ತಿಂಗಳ ಮೇಲೆ ಆದೇಶ ಬಂತು. ದೀಪಸ್ತಂಭಕ್ಕೆ ಒಬ್ಬ ಪಾಲಕನ ಕಾಯಂ ಹುದ್ದೆ, ವಸತಿಗೆ ಕಂಬದ ಬುಡದ ಕೋಣೆ. ಜೊತೆಗೆ ಒಂದು ರೈನ್‌ಕೋಟು, ಒಂದು ಜೊತೆ ಗಮ್‌ಬೂಟು, ಒಂದು ದುರ್ಬೀನು, ಮತ್ತು ‘ಕಂಡ ಹಡಗುಗಳ ವಿವರ’ ಎಂದು ಅಚ್ಚಾದ ದಪ್ಪ ರಿಜಿಸ್ಟರು.

ಆದೇಶ ಬಂದದ್ದು ಪಂಚಾಯ್ತಿಗೆ. ಪಂಚಾಯ್ತಿ ಎಂದರೆ ಪ್ರಭುಸ್ವಾಮಿ. ರೈಸ್ ಮಿಲ್ಲು, ಕಂಟ್ರಾಕ್ಟು, ಆಚೆ ದಡದ ಅರ್ಧ ಗದ್ದೆ ಎಲ್ಲಾ ಅವನದೇ. ಕಾಗದ ಓದಿದ ಕೂಡಲೇ ಅವನಿಗೆ ತಪ್ಪು ತಿಳಿಯಿತು. ಗುಮಾಸ್ತ ತಿದ್ದಿ ಬರೆಯೋಣವೇ ಎಂದು ಕೇಳಿದ್ದಕ್ಕೆ, ಸರ್ಕಾರದ ತಪ್ಪು ತಿದ್ದುವಷ್ಟು ದೊಡ್ಡವರು ನಾವಲ್ಲ ಎಂದು ಕೈ ಮುಗಿದ. ಅವನಿಗೊಬ್ಬ ಬಾಮೈದ ಇದ್ದ, ಶಾಂತಮೂರ್ತಿ. ಯಾವ ಕೆಲಸಕ್ಕೂ ಒಗ್ಗದವನು. ಚಿಕ್ಕಂದಿನಲ್ಲಿ ಬಚ್ಚಲ ಹಂಡೆಗೆ ಬಿದ್ದಾಗಿನಿಂದ ನೀರು ಕಂಡರೆ ಹೆದರುತ್ತಿದ್ದ. ಕೆಲಸದ ಆಜ್ಞೆ ಅವನ ಹೆಸರಿಗೆ ಬಂತು.

ಅವನು ರೈನ್‌ಕೋಟು ತೊಟ್ಟು ಅಕ್ಕನ ಮನೆಯ ಮಾಳಿಗೆ ಮೇಲೆ ಕೂತು ದುರ್ಬೀನಿನಲ್ಲಿ ಆಚೆ ದಡದ ಹೋಟೆಲಿನಲ್ಲಿ ಬೋಂಡಾ ಬೆಂದಿತೋ ಇಲ್ಲವೋ ನೋಡುತ್ತಿದ್ದ. ರಿಜಿಸ್ಟರಿನಲ್ಲಿ ದಿನಾ ತಪ್ಪದೆ ‘ಅಡಗು ಮೂರು’ ಎಂದು ಬರೆಯುತ್ತಿದ್ದ. ನಮ್ಮ ಕಡೆ ಬಾಯಲ್ಲಿ ಹ ನಿಲ್ಲುವುದಿಲ್ಲ, ಅವನಿಗೆ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಭಾನುವಾರ ಮಾತ್ರ ‘ಅಡಗಿಗೆ ರಜ’ ಎಂದಿರುತ್ತಿತ್ತು. ದೀಪ ಹಚ್ಚುವುದು ಎಂದಿನಂತೆ ಕೆಂಪಾಜಮ್ಮನೇ. ಅವಳಿಗೆ ಈ ಯಾವುದೂ ಗೊತ್ತಿರಲಿಲ್ಲ.

ಈಗ ಒತ್ತಕ್ಷರದ ಕಥೆ ಹೇಳಬೇಕು.

ಎರಡು ವರ್ಷದ ಹಿಂದೆ ಕೆಂಪಾಜಮ್ಮ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ಅರ್ಜಿ ಮೂರು ಸಲ ವಾಪಸು ಬಂತು. ಆಧಾರ್ ಕಾರ್ಡಿನಲ್ಲಿ ಕೆಂಪಾಜಮ್ಮ ಎಂದಿತ್ತು. ರೇಷನ್ ಕಾರ್ಡಿನಲ್ಲಿ ಒತ್ತು ಬಿಟ್ಟು ಕೆಂಪಾಜಮ ಎಂದಿತ್ತು. ಪ್ರಭುಸ್ವಾಮಿ ಒಂದು ಮಾತು ಬರೆದುಕೊಟ್ಟರೆ ಸರಿಹೋಗುತ್ತಿತ್ತು. ಅವಳು ಮೂರು ದಿನ ಅವನ ಬಾಗಿಲಲ್ಲಿ ಕೂತಳು. ನಾಲ್ಕನೆಯ ದಿನ ಅವನು ಹಲ್ಲುಕಡ್ಡಿ ಆಡಿಸುತ್ತಾ ಹೊರಗೆ ಬಂದು, ನಾಲ್ಕು ಜನರ ಮುಂದೆ ನಕ್ಕ.

“ಒತ್ತು ಇಲ್ದೋಳು ನೀನಲ್ಲ ಅಂತದ ಕನಮ್ಮಿ ಸರ್ಕಾರ. ಕೆಂಪಾಜಮ್ಮ ಬ್ಯಾರೆ, ಕೆಂಪಾಜಮ ಬ್ಯಾರೆ. ನಾನೇನ್ ಮಾಡಕಾದದು?”

ಆ ಹೊಟ್ಟೆಯುರಿಗೇ ಅವಳು ಐವತ್ತೆಂಟನೆಯ ವಯಸ್ಸಿನಲ್ಲಿ ಅಕ್ಷರ ಕಲಿಯಲು ಕೂತದ್ದು. ಊರಿನ ಹುಡುಗಿ ಕೋಮಲ, ಕೊಳ್ಳೇಗಾಲದ ಕಾಲೇಜಿಗೆ ಹೋಗುವವಳು, ದೀಪ ಹಚ್ಚಿದ ಮೇಲೆ ಅದೇ ಕೋಣೆಯ ಜಗಲಿಯಲ್ಲಿ ಹೆಂಗಸರಿಗೆ ಪಾಠ ಹೇಳುತ್ತಿದ್ದಳು. ಹನ್ನೊಂದು ಜನ ಬರುತ್ತಿದ್ದರು. ಅ ಆ ಮುಗಿದು, ಕಾಗುಣಿತ ಮುಗಿದು, ಇನ್ನೇನು ಒತ್ತಕ್ಷರ ಹಿಡಿಯಬೇಕು ಎನ್ನುವಾಗ ಮೇಲಿನ ಅಣೆಕಟ್ಟಿನಲ್ಲಿ ನೀರು ಬಿಟ್ಟರು. ಹೊಳೆ ಜಗಲಿಗೆ ಬಂದು, ಪೇಂಟಿನಲ್ಲಿ ವರ್ಣಮಾಲೆ ಬರೆದಿದ್ದ ಹಲಗೆಯನ್ನು ತೆಗೆದುಕೊಂಡು ಹೋಯಿತು. ಅದು ತಮಿಳುನಾಡಿಗೆ ಹೋಗಿರಬೇಕು. ಅಲ್ಲಿ ಯಾರಾದರೂ ಇಷ್ಟರಲ್ಲಿ ಕನ್ನಡ ಕಲಿತಿರಬಹುದು. ಇಲ್ಲಿ ಪಾಠ ಒಂದು ತಿಂಗಳು ನಿಂತಿತು.

ಸರಿಯಾಗಿ ಆ ತಿಂಗಳಲ್ಲೇ ಪ್ರಭುಸ್ವಾಮಿ ಒಂದು ಕಾಗದ ಹಿಡಿದು ಅವಳ ಬಾಗಿಲಿಗೆ ಬಂದ. ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಕಂಬದ ಕೆಲಸಕ್ಕೆ ನಿನ್ನ ಹೆಸರನ್ನೇ ಬರೆದು ಕಳಿಸುತ್ತಿದ್ದೇನೆ, ಸೈನು ಹಾಕು ಎಂದ. ಹೆಬ್ಬೆಟ್ಟಿಗೆಂದು ಮಸಿಡಬ್ಬಿಯನ್ನೂ ತಂದಿದ್ದ. ಕೆಂಪಾಜಮ್ಮ ಮಸಿಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಓದುತ್ತೇನೆ ಎಂದಳು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ‘ಆದ ನಾನು’ ಎಂದು ಓದಿದಳು. ‘ಕೊಠಡಿ’ ಎಂದು ಓದಿದಳು. ‘ದೀಪದ ಕೆಲಸ’ ಎಂದು ಓದಿದಳು. ನಡುನಡುವೆ ಕಾಲಿಗೆ ಕಾಲು ಹೆಣೆದುಕೊಂಡ ಅಕ್ಷರಗಳನ್ನು ಹಾರಿಸಿದಳು. ಓದಿದಷ್ಟರಲ್ಲಿ ಏನೂ ತಪ್ಪಿರಲಿಲ್ಲ. ಸಂತೋಷದಿಂದ, ಹುಟ್ಟಿದಾಗಿನಿಂದ ಮೊದಲ ಸಲ, ಹೆಬ್ಬೆಟ್ಟು ಒತ್ತದೆ ಸೈನು ಹಾಕಿದಳು. ಪ್ರಭುಸ್ವಾಮಿ ಮಸಿ ಆರುವ ಮುಂಚೆ ಕಾಗದ ಮಡಚಿ ಜೇಬಿಗಿಟ್ಟ.

ಅವಳು ಹಾರಿಸಿದ ಅಕ್ಷರಗಳಲ್ಲೇ ಮೋಸ ಇತ್ತು.

ಹೊಳೆ ಇಳಿದ ಮೇಲೆ ಪಾಠ ಮತ್ತೆ ಶುರುವಾಯಿತು. ಕೋಮಲ ಹಳೆಯ ಬಾಗಿಲಿಗೆ ಕಪ್ಪು ಬಳಿದು ಹಲಗೆ ಮಾಡಿ, ಹದಿನೈದು ದಿನ ಒತ್ತಕ್ಷರ ತಿದ್ದಿಸಿದಳು. ಮಕ್ಕೆ ಮ ಒತ್ತು ಮ್ಮ ಎಂದು ಕೆಂಪಾಜಮ್ಮ ರಾಗಿ ಬೀಸುವಾಗಲೂ ಹೇಳಿಕೊಳ್ಳುತ್ತಿದ್ದಳು. ಹದಿನಾರನೆಯ ದಿನ ಕೋಣೆಯ ಬಾಗಿಲಿಗೆ ಯಾರೋ ಒಂದು ಕಾಗದ ಅಂಟಿಸಿ ಹೋಗಿದ್ದರು. ಕೋಮಲ ಅದನ್ನು ನೋಡಿ ಮುಖ ಸಪ್ಪೆ ಮಾಡಿಕೊಂಡಳು. ಆಮೇಲೆ ಏನನ್ನಿಸಿತೋ, ಇವತ್ತು ಇದೇ ಪಾಠ, ಎಲ್ಲರೂ ಓದಿ ಎಂದಳು.

ಹನ್ನೊಂದು ಹೆಂಗಸರು ಒಟ್ಟಿಗೆ ರಾಗವಾಗಿ ಓದಿದರು. ಸಕ್ಕೆ ವ ಒತ್ತು ಸ್ವ. ಸ್ವಇಚ್ಛೆಯಿಂದ. ಟಕ್ಕೆ ಟ ಒತ್ತು ಟ್ಟ. ಬಿಟ್ಟುಕೊಟ್ಟಿರುತ್ತೇನೆ. ಬಿಡಿಬಿಡಿಯಾಗಿದ್ದ ಅಕ್ಷರ ಕೂಡಿಕೊಂಡು ಒಂದು ವಾಕ್ಯವಾಯಿತು: ‘ಕೆಂಪಾಜಮ್ಮ ಆದ ನಾನು ಕೊಠಡಿಯನ್ನೂ ದೀಪದ ಕೆಲಸವನ್ನೂ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ.’ ಕೆಳಗೆ, ಗುರುವಾರ ಸಾಯಂಕಾಲ ತಪಾಸಣೆಗೆ ಸಾಹೇಬರು ಬರುತ್ತಾರೆ, ಮಾರನೆಯ ದಿನ ಕೋಣೆ ಖಾಲಿ ಮಾಡತಕ್ಕದ್ದು ಎಂದಿತ್ತು.

ರಾಗ ನಿಂತುಹೋಯಿತು. ಪಕ್ಕದ ಮನೆಯ ವೀರಮ್ಮ ಮೊದಲು ಬಾಯಿಬಿಟ್ಟಳು.

“ನಾಕು ತಿಂಗ್ಳು ಕಣ್ಣು ಕಿತ್ಕೊಂಡು ಕಲ್ತಿದ್ದು ಇದ್ನ ಓದಕ್ಕೇನವ್ವಾ?”

“ಊಂ ಕಣವ್ವ,” ಎಂದಳು ಕೆಂಪಾಜಮ್ಮ. “ಇದ್ನ ಓದಕ್ಕೇಯ.”

ಅವಳು ಅಳಲಿಲ್ಲ. ಕಾಗದದ ಹತ್ತಿರ ಹೋಗಿ, ಜೆರಾಕ್ಸಿನಲ್ಲಿ ಮೂಡಿದ್ದ ತನ್ನ ಸೈನಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ತೆಪ್ಪದ ಚಿಕ್ಕಮಾದಪ್ಪನನ್ನು ಕರೆಸಿ, ಗುರುವಾರ ಹೆಣ್ಣಾಳು ಯಾರೂ ಹೊಳೆ ದಾಟುವುದು ಬೇಡ, ದೀಪ ಇರುವುದಿಲ್ಲ ಎಂದಳು. ಅವನು ತಲೆ ಕೆರೆದುಕೊಂಡ. ಸಾಹೇಬರು ಬೆಳಕು ಕಾಣುತ್ತದೋ ಇಲ್ಲವೋ ಎಂದು ಹೊಳೆಯ ಮೇಲಿಂದಲೇ ನೋಡಬೇಕಂತೆ, ಅವರನ್ನು ಕರೆದುಕೊಂಡು ಹೋಗುವುದಕ್ಕೆ ತನಗೇ ಹೇಳಿದ್ದಾರೆ ಎಂದ. ಕೆಂಪಾಜಮ್ಮ ಯೋಚನೆಗೆ ಬಿದ್ದಳು. ನಿನ್ನ ಜೀವಕ್ಕೆ ಅಪಾಯವಾದರೆ ನನಗೆ ಕೋಣೆಯೂ ಬೇಡ, ಗೀಣೆಯೂ ಬೇಡ ಎಂದಳು.

“ನಂಗೇನಾದದು ಬುಡಕ್ಕ. ಕಣ್ಣ ಕಟ್ಟಿ ಬುಟ್ರೂ ಈ ಕಡವು ಗೊತ್ತು. ಮಡುವಿನಲ್ಲೇ ಸುತ್ತಿಸ್ತೀನಿ, ಬಂಡೆ ತಾವ್ಕ ಓಗಕಿಲ್ಲ,” ಎಂದ ಚಿಕ್ಕಮಾದಪ್ಪ. “ಸರ್ಕಾರಾನೂ ವಸಿ ತಿರುಗ್ಲಿ.”

ಗುರುವಾರ ಸಾಯಂಕಾಲ ಜೀಪು ರಸ್ತೆ ಮುಗಿದಲ್ಲಿ ನಿಂತು, ಸಾಹೇಬರು ಕೆಸರಿನಲ್ಲಿ ನಡೆದು ಬಂದರು. ಹೆಸರು ಸದಾಶಿವಪ್ಪ. ಮೂವತ್ತು ವರ್ಷ ಕಚೇರಿಯಲ್ಲಿ ಹೆಸರು, ವಿಳಾಸ, ತಾರೀಕು ತಾಳೆ ನೋಡಿಯೇ ಬೆನ್ನು ಬಗ್ಗಿಸಿಕೊಂಡವರು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದರು. ಕೊಡೆ ಸರಿಮಾಡಿಕೊಂಡು ಸುತ್ತಲೂ ನೋಡಿ ಕೇಳಿದರು.

“ಸಮುದ್ರ ಎಲ್ಲಿ?”

“ಇದೇ ಸಾ,” ಎಂದ ಪ್ರಭುಸ್ವಾಮಿ ಹೊಳೆಯ ಕಡೆ ಕೈ ತೋರಿಸಿ. “ಮುಂದ ಓಗಿ ಸಮುದ್ರ ಆಯ್ತದ.”

ಸುಳ್ಳೇನೂ ಅಲ್ಲ. ಸಾಹೇಬರು ಅದನ್ನು ಬರೆದುಕೊಂಡರು. ಆಮೇಲೆ ರಿಜಿಸ್ಟರು ತಿರುವಿದರು. ದಿನಾ ಮೂರು ಅಡಗು ಎಂದಿದೆಯಲ್ಲ, ಎಲ್ಲಿ ಅಡಗಿದವು ಎಂದು ಕೇಳಿದರು. ಶಾಂತಮೂರ್ತಿ ಭಾವನ ಮುಖ ನೋಡಿದ. ಭಾವ ಆಕಾಶ ನೋಡಿದ. ಬೆಳಕು ಮಬ್ಬಾಗುತ್ತಿದೆ, ನೀರಿನ ಮೇಲೆ ಹೋಗಿ ಬಂದುಬಿಡಿ ಎಂದು ಪ್ರಭುಸ್ವಾಮಿ ಸಾಹೇಬರನ್ನು ತೆಪ್ಪಕ್ಕೆ ಹತ್ತಿಸಿದ. ಚಿಕ್ಕಮಾದಪ್ಪ ಹುಟ್ಟು ಹಾಕಿದ.

ಪ್ರಭುಸ್ವಾಮಿಯ ಲೆಕ್ಕಾಚಾರ ಸರಳವಾಗಿತ್ತು. ಕೆಂಪಾಜಮ್ಮ ದಿನಾ ಹಚ್ಚುವ ಹಾಗೆ ದೀಪ ಹಚ್ಚುತ್ತಾಳೆ, ಬಾಮೈದ ಬೂಟು ಹಾಕಿಕೊಂಡು ಕಂಬದ ಪಕ್ಕ ನಿಂತಿರುತ್ತಾನೆ. ಬಡವರು ಮಾಡಿಯೇ ಮಾಡುತ್ತಾರೆ ಎಂದು ನಂಬಿ ಬದುಕಿದವನು ಅವನು. ಆದರೆ ಕೆಂಪಾಜಮ್ಮ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಅವಳ ಸುತ್ತ ಹತ್ತು ಹೆಂಗಸರು ಸ್ಲೇಟು ಹಿಡಿದು ಕೂತಿದ್ದರು. ಮಬ್ಬು ಕವಿಯಿತು. ಗೂಡು ಕತ್ತಲೆಯಾಗಿಯೇ ಇತ್ತು.

ಪ್ರಭುಸ್ವಾಮಿ ಬಂದು, ಏನು ಕೂತುಬಿಟ್ಟೆ, ಹತ್ತು ಎಂದು ಗದರಿದ.

“ನಾನು ಸ್ವಇಚ್ಛೆಯಿಂದ ಬುಟ್ಟುಬುಟ್ಟಿವ್ನಂತಲ್ಲ ಬುದ್ದಿ,” ಎಂದಳು ಕೆಂಪಾಜಮ್ಮ, ಬತ್ತಿಯಿಂದ ಕಣ್ಣೆತ್ತದೆ. ಸ್ವ ಅನ್ನೂ ಚ್ಛೆ ಅನ್ನೂ ಬಿಡಿಸಿ ಬಿಡಿಸಿ ಹೇಳಿದಳು. “ನೀವೇ ಬಾಗ್ಲಿಗ ಅಂಟಿಸಿದ್ರಿ.”

ಬೇರೆ ದಾರಿಯಿಲ್ಲದೆ ಶಾಂತಮೂರ್ತಿಯೇ ಹತ್ತಬೇಕಾಯಿತು. ದುರ್ಬೀನು ಕೊರಳಲ್ಲಿ, ಬೆಂಕಿಪೊಟ್ಟಣ ಬಾಯಲ್ಲಿ. ಗಮ್‌ಬೂಟಿನೊಳಗೆ ಮಳೆನೀರು ತುಂಬಿ ಕಾಲು ಒಂದೊಂದು ಬಿಂದಿಗೆಯಷ್ಟು ಭಾರವಾಗಿತ್ತು. ಏಳನೆಯ ಮೆಟ್ಟಿಲಲ್ಲಿ ಕೆಳಗೆ ನೋಡಿದ. ಹೊಳೆ ಕಂಡಿತು. ಬಚ್ಚಲ ಹಂಡೆ ನೆನಪಾಯಿತು. ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದವನು ಮತ್ತೆ ಬಿಡಲಿಲ್ಲ. ಬೆಂಕಿಪೊಟ್ಟಣ ಕೆಸರಿಗೆ ಬಿತ್ತು.

ಇತ್ತ ಹೊಳೆಯ ಮೇಲೆ ತೆಪ್ಪ ಬುಗುರಿಯಾಗಿತ್ತು. ತೆಪ್ಪ ದುಂಡಗಿರುತ್ತದೆ, ಒಂದೇ ಕಡೆ ಹುಟ್ಟು ಹಾಕಿದರೆ ಸುತ್ತುತ್ತದೆ. ಸಾಹೇಬರಿಗೆ ಕಣ್ಣ ಮುಂದೆ ದಡ ಬಂತು, ಹೋಯಿತು, ಇನ್ನೊಂದು ದಡ ಬಂತು, ಹೋಯಿತು. ಮಧ್ಯಾಹ್ನ ಕೊಳ್ಳೇಗಾಲದಲ್ಲಿ ತಿಂದ ಪೂರಿ ಹೊಳೆಯ ಮೀನಿನ ಪಾಲಾಯಿತು. ದೀಪ ಎಲ್ಲಿ ಎಂದು ಅವರು ಕೇಳಿದರು. ಬೆಳಕು ಬೇಕಾದರೆ ಹಚ್ಚುವವರ ಹೆಸರು ಹಿಡಿದು ಕೂಗಬೇಕು, ಇಲ್ಲಿನ ರೂಲ್ಸು ಅದು ಎಂದ ಚಿಕ್ಕಮಾದಪ್ಪ. ಸಾಹೇಬರು ಫೈಲಿನಲ್ಲಿದ್ದ ಹೆಸರನ್ನು ಶಕ್ತಿಯಿದ್ದಷ್ಟು ಕೂಗಿದರು.

“ಶಾಂತಮೂರ್ತೀ...”

“ಸಾ, ಇಲ್ಲೇ ಸಿಕ್ಕಾಕಂಡಿವ್ನಿ ಸಾ,” ಎಂದು ಕಂಬದ ನಡುವಿನಿಂದ ಅಳುದನಿ ಬಂತು. “ನನ್ನೂ ಕರಕಂಡೋಗಿ ಸಾ.”

ತೆಪ್ಪ ಇನ್ನೆರಡು ಸುತ್ತು ಸುತ್ತಿತು. ಸಾಹೇಬರು ತೆಪ್ಪದ ಅಂಚು ಹಿಡಿದುಕೊಂಡು, ಇಷ್ಟು ದಿನ ನಿಜವಾಗಿ ಹಚ್ಚುತ್ತಿದ್ದವರು ಯಾರು ಎಂದು ಕೇಳಿದರು. ಚಿಕ್ಕಮಾದಪ್ಪ ಇಪ್ಪತ್ತೆರಡು ವರ್ಷದ್ದನ್ನೂ ಹೇಳಿದ, ಕಾಗದದ ವಿಷಯವನ್ನೂ ಹೇಳಿದ. ಇದನ್ನೆಲ್ಲ ದಡದಲ್ಲಿ ಹೇಳಬಾರದಿತ್ತೇ ಎಂದು ಸಾಹೇಬರು ನರಳಿದರು.

“ಒಳೆ ದಾಟಿದ ಮ್ಯಾಲ ಅಂಬಿಗನ ಮಾತ ಯಾರು ಕೇಳ್ತಾರು ಸಾ? ಅದ್ಕೇಯ ನಡುವೊಳೇಲೆ ಏಳ್ತಿವ್ನಿ.”

ಆಗ ಮೂವತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ಎಂದೂ ದನಿ ಎತ್ತದ ಸದಾಶಿವಪ್ಪನವರು ಕಾವೇರಿಯ ನಡುವೆ ನಿಂತು ಕೂಗಿದ ಕೂಗು ಎರಡೂ ದಡಕ್ಕೆ ಕೇಳಿತು.

“ಕೆಂಪಾಜಮ್ಮನವರೇ... ದಯವಿಟ್ಟು ದೀಪಾ...”

ಕೆಂಪಾಜಮ್ಮ ಎದ್ದಳು. ಕರಟ ಮಡಿಲಿಗೆ ಕಟ್ಟಿಕೊಂಡಳು. ದಾರಿಗೆ ಅಡ್ಡ ನಿಂತಿದ್ದ ಪ್ರಭುಸ್ವಾಮಿಗೆ ಹೇಳಿದಳು: “ಈಗ ಅಚ್ತಿರದೂ ಸ್ವಇಚ್ಛೆಯಿಂದ್ಲೇಯ ಬುದ್ದಿ. ನೀವು ಏಳಿದ್ಕಲ್ಲ.” ಏಳನೆಯ ಮೆಟ್ಟಿಲಲ್ಲಿ ಶಾಂತಮೂರ್ತಿಗೆ ವಸಿ ಜರುಗಪ್ಪ ಎಂದಳು. ಅವನು ಕಣ್ಣು ಮುಚ್ಚಿಕೊಂಡೇ ಜರುಗಿದ. ಗೂಡಿನಲ್ಲಿ ಹಳದಿ ಬೆಳಕು ಮೂಡಿತು. ‘ಬನ್ನೀ’ ಎಂಬ ದನಿ ನೀರಿನ ಮೇಲೆ ಹೋಯಿತು. ತೆಪ್ಪ ಸುತ್ತುವುದನ್ನು ನಿಲ್ಲಿಸಿ, ಹಾಲು ಕರೆಸಿಕೊಳ್ಳಲು ಬರುವ ಹಸುವಿನ ಹಾಗೆ ನೇರ ಕಡವಿಗೆ ಬಂತು.

ಸಾಹೇಬರನ್ನು ಜಗಲಿಯ ಮೇಲೆ ಕೂರಿಸಿ ವೀರಮ್ಮ ಬೆಲ್ಲದ ಕಾಪಿ ಕೊಟ್ಟಳು. ನಾಲ್ಕು ಜನ ಸೇರಿ ಶಾಂತಮೂರ್ತಿಯನ್ನು ಇಳಿಸಿದರು. ಒಂದು ಬೂಟು ಮೇಲೆಯೇ ಉಳಿಯಿತು. ಕಾಪಿ ಕುಡಿದು ಭೂಮಿ ನಿಂತಿದೆ ಎಂದು ಖಾತ್ರಿಯಾದ ಮೇಲೆ ಸಾಹೇಬರು ಫೈಲು ಬಿಚ್ಚಿ, ಇದು ನಿಮ್ಮ ಸೈನೇ ಏನಮ್ಮ ಎಂದು ಕೇಳಿದರು. ಹೌದು ಎಂದರೆ ನಾಳೆ ಬೆಳಿಗ್ಗೆ ಅವಳು ಬೀದಿಗೆ ಬೀಳುತ್ತಾಳೆ.

“ನಂದಲ್ಲ ಸಾ,” ಎಂದಳು ಕೆಂಪಾಜಮ್ಮ. “ನಾನು ಕೆಂಪಾಜಮ್ಮ. ಅಲ್ಲಿ ನೋಡಿ, ಮಕ್ಕೆ ಮ ಒತ್ತು ಇಲ್ಲ. ಅದ್ಯಾರೋ ಕೆಂಪಾಜಮ.”

ಸಾಹೇಬರು ಕನ್ನಡಕ ಒರೆಸಿ ನೋಡಿದರು. ಇತ್ತು, ದುಂಡಗೆ, ಕಷ್ಟಪಟ್ಟು ಬರೆದ ನಾಲ್ಕು ಅಕ್ಷರ: ಕೆಂಪಾಜಮ. ಅವಳು ಬರೆದಾಗ ಪಾಠ ಅಲ್ಲಿಗೇ ನಿಂತಿತ್ತಲ್ಲ. ಸಾಹೇಬರ ಮುಖಕ್ಕೆ ಮೆಲ್ಲಗೆ ರಕ್ತ ವಾಪಸು ಬಂತು. ಸಮುದ್ರ ಅವರಿಗೆ ಗೊತ್ತಿರಲಿಲ್ಲ, ಹಡಗು ಗೊತ್ತಿರಲಿಲ್ಲ. ಇದು ಗೊತ್ತಿತ್ತು.

“ಹೆಸರಿನಲ್ಲಿ ವ್ಯತ್ಯಾಸ ಇದೆ,” ಎಂದರು. “ಕಾಗದ ನಡೆಯೋದಿಲ್ಲ.”

ಅವಳೇ ಬರೆದದ್ದು, ನನ್ನ ಕಣ್ಣೆದುರಿಗೆ, ಊರಿಗೇ ಗೊತ್ತು ಎಂದು ಪ್ರಭುಸ್ವಾಮಿ ಕೂಗಾಡಿದ. ಸಾಹೇಬರು ಊರಿನ ಕಡೆ ತಿರುಗಿದರು. ಊರಿಗೆ ಏನೂ ಗೊತ್ತಿರಲಿಲ್ಲ.

“ಅವತ್ತು ನಿಮ್ ಬಾಗ್ಲಲ್ಲಿ ನೀವೇ ಏಳಿದ್ರಿ ಬುದ್ದಿ,” ಎಂದಳು ಕೆಂಪಾಜಮ್ಮ. “ಒತ್ತು ಇಲ್ದೋಳು ನಾನಲ್ಲ ಅಂತ. ನಾನು ಬ್ಯಾರೆ, ಅವ ಬ್ಯಾರೆ.”

“ಆ ಕೆಂಪಾಜಮನ್ನ ಉಡ್ಕಿ ಬುದ್ದಿ,” ಎಂದಳು ವೀರಮ್ಮ. “ಸಿಕ್ಕುದ್ರ ಅವಳ ರೂಮ ಕಾಲಿ ಮಾಡ್ಸಿ.”

ಜಗಲಿ ತುಂಬ ನಗು ಎದ್ದಿತು. ಪ್ರಭುಸ್ವಾಮಿಯ ಮುಂದೆ ಆ ಊರಿನ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿಯದೆ ನಕ್ಕದ್ದು ಅದೇ ಮೊದಲು.

ಇಷ್ಟಾದರೂ ಹುದ್ದೆ ಕೆಂಪಾಜಮ್ಮನಿಗೆ ಬರಲಿಲ್ಲ. ಕೋಣೆಗೆ ಯಾರೂ ಕೈ ಹಚ್ಚುವಂತಿಲ್ಲ ಎಂದು ಸಾಹೇಬರು ಅಲ್ಲೇ ಬರೆದುಕೊಟ್ಟರು. ಆದರೆ ಕೆಲಸದ ಆಜ್ಞೆ ಶಾಂತಮೂರ್ತಿಯ ಹೆಸರಿನಲ್ಲಿದೆ, ಅದರಲ್ಲಿ ಒತ್ತೆಲ್ಲ ಸರಿಯಾಗಿದೆ, ತಾನು ಬದಲಾಯಿಸಲಾರೆ, ಮೇಲಕ್ಕೆ ಬರೆಯುತ್ತೇನೆ ಎಂದು ತಲೆ ತಗ್ಗಿಸಿದರು. ಹಾಗಾದರೆ ನಾಳೆಯಿಂದ ಅವನೇ ಹಚ್ಚಲಿ ಎಂದಳು ಕೋಮಲ. ಒಂಟಿ ಬೂಟಿನಲ್ಲಿ ನಿಂತಿದ್ದ ಶಾಂತಮೂರ್ತಿ ರಿಜಿಸ್ಟರನ್ನು ತಂದು ಕೆಂಪಾಜಮ್ಮನ ಮಡಿಲಲ್ಲಿಟ್ಟು, ಭಾವನ ಮುಖ ನೋಡದೆ ಮನೆಗೆ ಹೋದ.

ಕೆಂಪಾಜಮ್ಮ ರಿಜಿಸ್ಟರನ್ನು ತೊಡೆಯ ಮೇಲೆ ಬಿಚ್ಚಿಕೊಂಡಳು. ಹಚ್ಚುವವರು ಯಾರೋ ಬರೆಯುವವರೂ ಅವರೇ ಎಂದಳು. ಸಾಹೇಬರು ಬೇಡ ಎನ್ನಲಿಲ್ಲ, ತಮ್ಮ ಜೇಬಿನ ಪೆನ್ನನ್ನೇ ಕೊಟ್ಟರು. ‘ಕಂಡ ಹಡಗುಗಳ ವಿವರ’ ಎಂಬುದರ ಕೆಳಗೆ, ಉಳಿದ ಹತ್ತು ಹೆಂಗಸರು ಬಗ್ಗಿ ನೋಡುತ್ತಿರುವಾಗ, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಅವಳು ಬರೆದಳು:

‘ಹಡಗು ಇಲ್ಲ. ತೆಪ್ಪ ಒಂದು. ಅದರೊಳಗೆ ಸರ್ಕಾರ ಇತ್ತು. ದಾರಿ ತಪ್ಪಿತ್ತು. ದಡ ಸೇರಿಸಿದ್ದೇವೆ.’

ಕೆಳಗೆ ಸೈನು ಹಾಕಿದಳು. ಕೊನೆಯ ಮ ಬರೆದು ಪೆನ್ನು ಎತ್ತಿದವಳು ಮತ್ತೆ ಇಳಿಸಿ, ಅದರ ಅಡಿಗೆ ಒತ್ತನ್ನು ಹಾಕಿದಳು. ಎಷ್ಟು ಒತ್ತಿ ಹಾಕಿದಳೆಂದರೆ ಅದು ಆಚೆ ಹಾಳೆಗೂ ಮೂಡಿತು.